ಹೇಳಿದವರು, ಬರೆದುಕೊಂಡವರು

ನಮ್ಮ ಮಾನ್ವಿ, ದೇವದುರ್ಗ, ಸಿಂಧನೂರು ಕಡೆ ಹುಡುಗನೋ ಹುಡುಗಿಯೋ ಡಿಗ್ರಿ ಮುಗಿಸಿ ಎಂ.ಎ.ಗೆ ಹೊರಟರೆ ಮೊದಲು ಕೇಳೋದು "ಯಾ ಸಬ್ಜೆಕ್ಟ್ ತಗೊಂಡಿ?" ಅಂತ. ಇಂಗ್ಲಿಷ್ ಅಂದರೆ ಭೇಷ್ ಅಂತಾರೆ, ಎಕನಾಮಿಕ್ಸ್ ಅಂದರೆ ಪರವಾಗಿಲ್ಲ ಅಂತಾರೆ. ಜಾನಪದ ಅಂತಲೋ, ಬುಡಕಟ್ಟು ಅಧ್ಯಯನ ಅಂತಲೋ ಹೇಳಿದರೆ ಮಾತ್ರ ಕಟ್ಟೆ ಮೇಲೆ ಕೂತವರಿಗೆ ನಗು. "ಅದನ್ನ ಕಲಿಯಾಕ ಯುನಿವರ್ಸಿಟಿಗ್ಯಾಕ ಹೋಗಬೇಕೋ ತಮ್ಮಾ? ಮುತ್ಯಾನ ಮುಂದ ಕುಂದ್ರು, ಪುಕ್ಕಟ ಹೇಳ್ತಾನ."

ತಮಾಷೆಯ ಮಾತೇ ಇರಬಹುದು, ಆದರೆ ಪ್ರಶ್ನೆ ಮಾತ್ರ ಸಣ್ಣದಲ್ಲ. ನಮ್ಮ ಹಾಡು, ನಮ್ಮ ದೇವರು, ನಮ್ಮ ಕುಲದ ಕಥೆ, ಇವನ್ನೆಲ್ಲ ಕಾಲೇಜಿನಲ್ಲಿ ಓದೋದು ಅಂದರೇನು? ಯಾರಿಗೆ ಅದರಿಂದ ಏನು ಬಂತು? ಇದಕ್ಕೆ ನೇರ ಉತ್ತರ ಹುಡುಕುವ ಬದಲು ನಮ್ಮ ಸೀಮೆಯಲ್ಲೇ ಈ ಓದು ಹೇಗೆ ಬೆಳೀತು ಅಂತ ನೋಡಿದರೆ ಒಳ್ಳೇದು ಅನ್ನಿಸಿತು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ಅಂತ ಕರೆದಿವೆ, ಎರಡು ಹೊಳೆಗಳ ನಡುವಿನ ನಾಡು. ರಾಯಚೂರು ಜಿಲ್ಲೆ ಅಂದರೆ ಬಿಸಿಲು, ಬರ, ಗುಳೆ ಅಂತ ಮಾತ್ರ ಪೇಪರಿನಲ್ಲಿ ಓದಿದವರಿಗೆ ಆಶ್ಚರ್ಯ ಆಗಬಹುದು. ಈ ನೆಲದ ಬಗ್ಗೆ, ಇಲ್ಲಿನ ಜನರ ಬಗ್ಗೆ ಕಳೆದ 180 ವರ್ಷಗಳಿಂದ ಯಾರಾದರೊಬ್ಬರು ಬರೆದುಕೊಳ್ಳುತ್ತಲೇ ಬಂದಿದ್ದಾರೆ. ಅವರು ಯಾರು, ಹೇಳಿದವರು ಯಾರು ಅನ್ನೋದೇ ಈ ಬರಹ.

ಮೊದಲು ಸುರಪುರಕ್ಕೆ ಹೋಗೋಣ. ದೇವದುರ್ಗದಿಂದ ಕೃಷ್ಣೆ ದಾಟಿದರೆ ಆಚೆ ಸುರಪುರದ ಸೀಮೆ. ಬೇಡ ನಾಯಕರ ಸಂಸ್ಥಾನ. 1705ರಲ್ಲಿ ಔರಂಗಜೇಬ ತನ್ನ ಮುದಿ ವಯಸ್ಸಿನಲ್ಲಿ ಖುದ್ದಾಗಿ ಬಂದು ಮುತ್ತಿಗೆ ಹಾಕಿದ್ದು ಇವರ ವಾಗಿಣಗೇರಾ ಕೋಟೆಗೆ. ಅವನ ಜೀವನದ ಕೊನೆಯ ದೊಡ್ಡ ಮುತ್ತಿಗೆ ಅದು. ಈ ಸಂಸ್ಥಾನಕ್ಕೆ 1840ರ ದಶಕದ ಆರಂಭದಲ್ಲಿ ಆಡಳಿತ ನೋಡಿಕೊಳ್ಳಲು ಬಂದವನು ಫಿಲಿಪ್ ಮೆಡೋಸ್ ಟೇಲರ್. 1853ರ ತನಕ ಇದ್ದ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು "ಅಪ್ಪಾ" ಅಂತಲೇ ಕರೆಯುತ್ತಿದ್ದನಂತೆ. ಟೇಲರ್ ಕಂದಾಯ ನೋಡಿದ, ಕೆರೆ ಕಟ್ಟಿಸಿದ, ಜೊತೆಗೆ ಊರೂರು ತಿರುಗಿ ಕಲ್ಗೋರಿಗಳನ್ನು ಅಳೆದ, ಕೆಲವನ್ನು ಅಗೆದು ನೋಡಿದ. ರಾಜನಕೋಳೂರಿನ ದೊಡ್ಡ ಕಲ್ಮನೆಗಳ ಬಗ್ಗೆ ಬರೆದು ಮುಂಬಯಿಯ ವಿದ್ವಾಂಸರಿಗೆ ಕಳಿಸಿದ. ಬೇಡರ ನಡೆನುಡಿ, ಆಣೆ ಪ್ರಮಾಣ, ಬೇಟೆ, ಎಲ್ಲವೂ ಅವನ ಆತ್ಮಕಥೆಯಲ್ಲಿವೆ. ಅವನು ತೀರಿದ ಮೇಲೆ 1877ರಲ್ಲಿ ಅದು ಅಚ್ಚಾಯಿತು. ಅಷ್ಟೊತ್ತಿಗೆ ಅವನನ್ನು ಅಪ್ಪಾ ಅಂದ ಹುಡುಗ ಇರಲಿಲ್ಲ. ಬ್ರಿಟಿಷರ ವಿರುದ್ಧ ಎದ್ದು, ಸೆರೆ ಸಿಕ್ಕು, 1858ರಲ್ಲಿ ಸತ್ತಿದ್ದ. ಸುರಪುರದ ಕಥೆ ಇಂಗ್ಲೆಂಡಿನಲ್ಲಿ ಓದಲು ಸಿಕ್ಕಿತು, ಸುರಪುರದ ಸಂಸ್ಥಾನ ಉಳಿಯಲಿಲ್ಲ.

ಇಂಥದ್ದೇ ಇನ್ನೊಂದು ಕಥೆ ಅತ್ತ ಮುಧೋಳದ ಕಡೆಯದು. ಹಲಗಲಿಯ ಬೇಡರು ನಿಮಗೆಲ್ಲ ಗೊತ್ತು, ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿ ಓದಿದವರೇ ನಾವೆಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಸರಕಾರ ಕಾನೂನು ತಂದಾಗ ಒಪ್ಪದೆ ತಿರುಗಿಬಿದ್ದ ಊರು. ಊರಿಗೆ ಬೆಂಕಿ ಬಿತ್ತು, ಹಲವರಿಗೆ ಗಲ್ಲಾಯಿತು. ಆ ಮೇಲೆ ಜನ ಲಾವಣಿ ಕಟ್ಟಿ ಹಾಡಿದರು. ಆ ಲಾವಣಿಯನ್ನು ಬರೆದುಕೊಂಡು ಇಂಗ್ಲಿಷ್ ಅನುವಾದದ ಜೊತೆ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್. ಅವನೂ ಅದೇ ಸರಕಾರದ ಅಧಿಕಾರಿ! ಗಲ್ಲಿಗೇರಿಸಿದ ಸರಕಾರದ ನೌಕರ ಗಲ್ಲಿಗೇರಿದವರ ಹಾಡು ಉಳಿಸಿದ. ಇದಕ್ಕೆ ಫ್ಲೀಟನಿಗೆ ಕೈ ಮುಗಿಯಬೇಕೋ, ಸಿಟ್ಟಾಗಬೇಕೋ ನನಗಿನ್ನೂ ತಿಳಿದಿಲ್ಲ. ಎರಡೂ ಮಾಡಬಹುದು ಅಂತ ಕಾಣುತ್ತೆ.

ಟೇಲರ್ ಆದ ಮೇಲೆ ನಮ್ಮ ದೋಆಬಿಗೆ ಬಂದವರು ಕಲ್ಲು ನೋಡುವವರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಲಿಂಗಸುಗೂರು, ಮಸ್ಕಿಯ ಕಡೆ ತಿರುಗಿ ಶಿಲಾಯುಗದ ಕೊಡಲಿ, ಮಡಿಕೆ ಚೂರು ಆರಿಸಿಕೊಂಡ. ಅವನ ಸಂಗ್ರಹ ಮದ್ರಾಸ್ ಮ್ಯೂಸಿಯಮ್ಮಿಗೆ ಹೋಯಿತು. 1915ರಲ್ಲಿ ಬೀಡನ್ ಅನ್ನುವ ಇಂಜಿನಿಯರ್ ಚಿನ್ನದ ಅದಿರು ಹುಡುಕುತ್ತ ಮಸ್ಕಿಯ ಗುಡ್ಡದಲ್ಲಿ ಬರಹ ಇರುವ ಬಂಡೆ ಕಂಡ. ಮೌರ್ಯರ ಕಾಲದ ಬ್ರಾಹ್ಮಿ ಲಿಪಿ. ಆ ತನಕ ದೇಶದ ತುಂಬ ಸಿಕ್ಕ ಶಾಸನಗಳಲ್ಲಿ 'ದೇವರಿಗೆ ಪ್ರಿಯನಾದ' ದೊರೆ ಅನ್ನೋ ಬಿರುದು ಮಾತ್ರ ಇತ್ತು. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಅಂತ ಹೆಸರೇ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಇಡೀ ಭಾರತದ ಚರಿತ್ರೆಗೆ ನಮ್ಮ ಜಿಲ್ಲೆಯ ಒಂದು ಗುಂಡು ಅಶೋಕನ ಹೆಸರು ಕೊಟ್ಟಿತು.

ಇನ್ನು ಮೂರನೆಯ ಬಗೆಯವರು ಜಾತಿ, ಬುಡಕಟ್ಟುಗಳ ಪಟ್ಟಿ ಮಾಡಿದವರು. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದ. ಜನರ ತಲೆ, ಮೂಗು ಅಳೆದು ಲೆಕ್ಕ ಇಡೋದು ಅವನ ವಿದ್ಯೆ. ನಿಜಾಮರ ರಾಜ್ಯಕ್ಕೆ ಅಂಥದ್ದೇ ಪುಸ್ತಕ ಬರೆದವರು ಸೈಯದ್ ಸಿರಾಜ್ ಉಲ್ ಹಸನ್, 1920ರಲ್ಲಿ ಬಂತು. ರಾಯಚೂರು ಆಗ ನಿಜಾಮರ ಕೈಯಲ್ಲಿತ್ತಲ್ಲ, ಹಾಗಾಗಿ ನಮ್ಮ ಮುತ್ಯಾಂದಿರ ಮುತ್ಯಾಂದಿರ ಮದುವೆ, ಮುಂಜಿ, ಹೆಣ ಹೂಳುವ ಕ್ರಮ ಆ ಪುಸ್ತಕದಲ್ಲಿ ಸಿಗುತ್ತೆ. ಬೇಡರ ಮೇಲೆ ಒಂದು ಅಧ್ಯಾಯವೇ ಇದೆ. ಇವತ್ತಿಗೂ ಸಂಶೋಧನೆ ಮಾಡುವವರು ಮೊದಲು ತೆಗೆಯೋದು ಇಂಥ ಪುಸ್ತಕಗಳನ್ನೇ.

ಇವರೆಲ್ಲರ ಕೆಲಸ ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಟೇಲರ್ ಬರೆಯದೇ ಇದ್ದರೆ ಎಷ್ಟೋ ಕಲ್ಗೋರಿ ಇದ್ದವು ಅನ್ನೋದೂ ನಮಗೆ ಗೊತ್ತಾಗುತ್ತಿರಲಿಲ್ಲ. ಆದರೆ ಈ ಪುಸ್ತಕಗಳನ್ನು ಓದುವಾಗ ಒಂದು ಕಸಿವಿಸಿ ಆಗುತ್ತೆ. ಇಷ್ಟೆಲ್ಲ ಯಾರು ಹೇಳಿದರು? ಒಬ್ಬ ಮುದುಕಿ ಕೂತು ಕುಲದ ಕಥೆ ಹೇಳಿರಬೇಕು, ಒಬ್ಬ ಪೂಜಾರಿ ಗುಡಿಯ ಒಳಗೆ ಕರೆದೊಯ್ದಿರಬೇಕು. ಬಹುಪಾಲು ಇಂಥ ಪುಸ್ತಕಗಳಲ್ಲಿ ಅವರಿಗೆ ಹೆಸರಿಲ್ಲ. 'ಇವರು ಹೀಗೆ ಹೇಳುತ್ತಾರೆ' ಅಂತ ಬಹುವಚನದಲ್ಲಿ ಮುಗಿದುಹೋಗುತ್ತದೆ. ಇನ್ನೂ ಒಂದು ವಿಷಯ, ಯಾರ ಬಗ್ಗೆ ಬರೆದರೋ ಅವರು ಓದುತ್ತಾರೆ ಅನ್ನುವ ಯೋಚನೆಯೇ ಬರೆದವರಿಗೆ ಇದ್ದಂತಿಲ್ಲ. ಇವರು ಹೇಳುವವರು, ನಾವು ಬರೆದುಕೊಳ್ಳುವವರು, ಅಷ್ಟೇ.

ನಮ್ಮವರೇ ಬರೆಯೋಕೆ ಯಾವಾಗ ಶುರು ಮಾಡಿದರು ಅಂದರೆ, ನಿಜಾಮರ ಕಾಲದಲ್ಲಿ ಅದು ಸುಲಭ ಇರಲಿಲ್ಲ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡುವ ಪ್ರಯೋಗ ಅಂತ ಅದನ್ನು ಇವತ್ತಿಗೂ ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೆ ಆ ದೇಶಭಾಷೆ ಉರ್ದು. ರಾಯಚೂರಿನ ಹಳ್ಳಿಯ ಕನ್ನಡದ ಹುಡುಗನಿಗೆ ಅದೂ ಪರಭಾಷೆಯೇ. ಇಂಥ ಹೊತ್ತಿನಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಪಂಜೆ ಮಂಗೇಶರಾಯರು ಅಧ್ಯಕ್ಷರು. ನಮ್ಮ ಭಾಗದವರೇ ಆದ ಕಪಟರಾಳ ಕೃಷ್ಣರಾಯರು ಸುರಪುರ ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಬರೆದರು. ಟೇಲರನ ಸುರಪುರ ಕನ್ನಡಕ್ಕೆ ತಿರುಗಿ ಬಂದ ಹಾಗಾಯಿತು.

ಅತ್ತ ಮುಂಬಯಿ ಪ್ರಾಂತದಲ್ಲಿ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಇವರೆಲ್ಲ ತಮ್ಮೂರಿನ ಹೆಣ್ಣುಮಕ್ಕಳ ಬೀಸುವ ಹಾಡು ಬರೆದುಕೊಳ್ಳುತ್ತಿದ್ದರು. 1931ರಲ್ಲಿ 'ಗರತಿಯ ಹಾಡು' ಬಂತು. ಇಲ್ಲಿ ಬರೆದುಕೊಂಡವರು ಪರದೇಶಿಗಳೂ ಅಲ್ಲ, ಅಧಿಕಾರಿಗಳೂ ಅಲ್ಲ. ತಮ್ಮದೇ ಊರು, ತಮ್ಮದೇ ಮನೆಯ ಬೀಸುಕಲ್ಲು. ಕನ್ನಡದಲ್ಲಿ ಈ ಓದಿನ ನಿಜವಾದ ಬುನಾದಿ ಅಂತ ನಾನು ನಂಬಿರೋದು ಇದನ್ನೇ.

ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು ಆಮೇಲೆ. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ. 1950ರ ದಶಕದಲ್ಲಿ ಬಿ.ಎಸ್. ಗದ್ದಗಿಮಠರು ಜನಪದ ಗೀತೆಗಳ ಮೇಲೆ ಪಿಎಚ್.ಡಿ. ಪಡೆದರು, ಕನ್ನಡ ಜಾನಪದಕ್ಕೆ ಸಿಕ್ಕ ಮೊದಲ ಪಿಎಚ್.ಡಿ. ಅದು. ಬೀಸುಕಲ್ಲಿನ ಹಾಡಿನ ಮೇಲೆ ಡಾಕ್ಟರೇಟ್! ಆಗಿನ ಪಂಡಿತರಲ್ಲಿ ಎಷ್ಟು ಜನ ಮೂಗು ಮುರಿದಿರಬಹುದು ಊಹಿಸಿ. ಮೈಸೂರಿನಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು, ಜೀ.ಶಂ. ಪರಮಶಿವಯ್ಯನವರು ಊರೂರು ಅಲೆದು ತಂದ ಸಾಮಾನು ಜಯಲಕ್ಷ್ಮಿ ವಿಲಾಸ ಅರಮನೆ ತುಂಬಿತು. ಅಮೆರಿಕದ ಇಂಡಿಯಾನಾದಲ್ಲಿ ಓದಿ ಬಂದ ಹಾ.ಮಾ. ನಾಯಕರು ಜಾನಪದವನ್ನು ಒಂದು ಶಿಸ್ತಾಗಿ ಕಟ್ಟಲು ಕೈ ಹಚ್ಚಿದರು. ಸ್ನಾತಕೋತ್ತರ ಪದವಿಯ ಪಾಠವೂ ಆಯಿತು.

ನಮ್ಮ ಜಿಲ್ಲೆ 1948ರ ಸೆಪ್ಟೆಂಬರ್ 17ರಂದು ನಿಜಾಮರಿಂದ ಬಿಡುಗಡೆಯಾಗಿ, 1956ರ ನವೆಂಬರ್ 1ಕ್ಕೆ ಕನ್ನಡ ನಾಡಿಗೆ ಸೇರಿತು. ಆ ಹೊತ್ತಿನಲ್ಲೇ ಪಿ.ಬಿ. ದೇಸಾಯರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಒಟ್ಟು ಮಾಡಿ 1958ರಲ್ಲಿ ಹೊರತಂದರು. ಅದಕ್ಕೂ ಮೊದಲೇ ಕೇಂಬ್ರಿಡ್ಜಿನ ರೇಮಂಡ್ ಆಲ್ಚಿನ್ ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ಉತ್ಖನನ ಮಾಡಿದ್ದರು. ಅಲ್ಲಿನ ಬಂಡೆಗಳ ಮೇಲೆ ಡುಬ್ಬದ ಎತ್ತಿನ ಚಿತ್ರಗಳಿವೆ, ಸಾವಿರಾರು ವರ್ಷ ಹಳೆಯವು. ಅವರ ವರದಿ 1960ರಲ್ಲಿ ಬಂತು, ಇಂಗ್ಲಿಷಿನಲ್ಲಿ.

ಆಲ್ಚಿನ್ ಮಾಡಿದ ಇನ್ನೊಂದು ಕೆಲಸ ಹೇಳಲೇಬೇಕು, ಯಾಕಂದರೆ ಕಟ್ಟೆ ಮೇಲಿನವರ ಪ್ರಶ್ನೆಗೆ ಅದರಲ್ಲಿ ಅರ್ಧ ಉತ್ತರ ಇದೆ. ನಮ್ಮ ಸೀಮೆಯಲ್ಲಿ, ಬಳ್ಳಾರಿ, ಸುರಪುರದ ಕಡೆ ದೊಡ್ಡ ದೊಡ್ಡ ಬೂದಿ ದಿಬ್ಬಗಳಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅಂತಾರೆ. ಇದು ಏನು ಬೂದಿ ಅಂತ ಪಂಡಿತರು ನೂರು ವರ್ಷ ವಾದ ಮಾಡಿದರು. ಜ್ವಾಲಾಮುಖಿ ಅಂದವರುಂಟು, ಲೋಹ ಕರಗಿಸಿದ್ದು ಅಂದವರುಂಟು. ಆಲ್ಚಿನ್ ಆಗಿನ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ದಿಬ್ಬ ಅಗೆದಾಗ ಬೂದಿಯ ಪದರಗಳಲ್ಲಿ ದನದ ಗೊರಸಿನ ಗುರುತು ಸಿಕ್ಕವು. ಅದು ದನದ ದೊಡ್ಡಿ, ವರ್ಷಗಟ್ಟಲೆ ಬಿದ್ದ ಸಗಣಿಗೆ ಆಗಾಗ ಬೆಂಕಿ ಇಟ್ಟಿದ್ದರು. ಯಾಕೆ ಬೆಂಕಿ ಇಟ್ಟರು ಅಂತ ತಿಳಿಯಲು ಅವರು ನೋಡಿದ್ದು ಪುಸ್ತಕ ಒಂದನ್ನೇ ಅಲ್ಲ. ದನ ಕಾಯುವವರ ಹಬ್ಬಗಳನ್ನು, ಹೋಳಿ ದೀಪಾವಳಿಯ ಬೆಂಕಿಗಳನ್ನು ಪಕ್ಕಕ್ಕಿಟ್ಟು ನೋಡಿದರು. 1963ರಲ್ಲಿ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಬಗ್ಗೆ ಅವರ ಪುಸ್ತಕ ಬಂತು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಇಂಥದ್ದೇ ಒಂದು ದಿಬ್ಬವನ್ನು 1990ರ ಆಸುಪಾಸಿನಲ್ಲಿ ವರ್ಷಾನುಗಟ್ಟಲೆ ಅಗೆದರು. ದನದ ದೊಡ್ಡಿ, ಮನೆ, ಎಲ್ಲ ಸಿಕ್ಕವು. ಆ ಊರ ಹೆಸರೇನು ಗೊತ್ತೇ? ಬೂದಿಹಾಳ! ಪಂಡಿತರು ವಾದ ಮಾಡುತ್ತಿದ್ದ ಅಷ್ಟೂ ವರ್ಷ ಊರು ತನ್ನ ಹೆಸರಿನಲ್ಲೇ ಬೂದಿ ಇಟ್ಟುಕೊಂಡು ಕೂತಿತ್ತು.

ಆದರೆ ಹೆಸರೊಂದರಿಂದಲೇ ಅದು ನಾಲ್ಕೈದು ಸಾವಿರ ವರ್ಷದ ಹಿಂದಿನದು ಅಂತ ಗೊತ್ತಾಗುತ್ತಿತ್ತೇ? ಇಲ್ಲ. ವಾಲಿಯ ಕಥೆಯೂ ಬೇಕು, ಇದ್ದಿಲಿನ ಕಾಲ ಅಳೆಯುವ ಯಂತ್ರವೂ ಬೇಕು. ಮುತ್ಯಾ ಹೇಳೋದು ಒಂದು, ವಿಶ್ವವಿದ್ಯಾಲಯ ಕಲಿಸೋದು ಇನ್ನೊಂದು. ಒಂದೂರಿನ ಮಾತನ್ನು ಹತ್ತೂರಿನ ಮಾತಿನ ಜೊತೆ ಇಟ್ಟು ನೋಡೋದು, ಕಾಲ ಗುರುತಿಸೋದು, ಸುಳ್ಳು ಬೆರೆತಲ್ಲಿ ಬೇರೆ ಮಾಡೋದು, ಬರೆದು ಕಾಪಿಡೋದು, ಇವನ್ನು ಕಲಿಯಬೇಕಾಗುತ್ತೆ. ಮುತ್ಯಾನಿಗೆ ತನ್ನೂರು ಗೊತ್ತು, ಪಕ್ಕದ ಜಿಲ್ಲೆಯ ಮುತ್ಯಾ ಏನು ಹೇಳುತ್ತಾನೆ ಅಂತ ಗೊತ್ತಿರೋದಿಲ್ಲ.

1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಬಂದ ಮೇಲೆ ನಮ್ಮ ಭಾಗಕ್ಕೆ ಈ ಓದು ಹತ್ತಿರ ಆಯಿತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾದಾಗ ಇನ್ನೂ ಹತ್ತಿರ. ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಸ್ವತಃ ದೊಡ್ಡಾಟ, ಲಾವಣಿಗಳ ಮಣ್ಣಿನಿಂದ ಬಂದವರು. ಅಲ್ಲಿ ಜಾನಪದಕ್ಕೆ ಒಂದು ವಿಭಾಗ, ಬುಡಕಟ್ಟು ಅಧ್ಯಯನಕ್ಕೇ ಇನ್ನೊಂದು ವಿಭಾಗ. ಮಂಟೇಸ್ವಾಮಿ, ಮಲೆ ಮಾದೇಶ್ವರ ಮುಂತಾದ ಬಾಯಿಮಾತಿನ ಮಹಾಕಾವ್ಯಗಳು ಇಡಿಯಾಗಿ ಪುಸ್ತಕವಾದವು. ಪುಸ್ತಕದಲ್ಲಿ ಹಾಡಿದವರ ಹೆಸರೂ ಇತ್ತು. ಥರ್ಸ್ಟನ್ ಕಾಲದಿಂದ ಅಲ್ಲಿಗೆ ಎಷ್ಟು ದೂರ ಬಂದೆವು ನೋಡಿ.

ದರೋಜಿ ಈರಮ್ಮನವರನ್ನು ನೀವು ಕೇಳಿರುತ್ತೀರಿ. ಅಲೆಮಾರಿ ಬುಡ್ಗ ಜಂಗಮ ಸಮುದಾಯದ ಬುರ್ರಕಥೆ ಕಲಾವಿದೆ. ಓದು ಬರಹ ಇಲ್ಲ, ತಲೆಯಲ್ಲಿ ಮಾತ್ರ ರಾತ್ರಿಗಟ್ಟಲೆ ಹಾಡುವಷ್ಟು ಕಾವ್ಯಗಳು. ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಪಿಎಚ್.ಡಿ. ಪದವಿ ಕೊಡುವ ವಿಶ್ವವಿದ್ಯಾಲಯ, ಹೆಬ್ಬೆಟ್ಟು ಒತ್ತುವ ಹೆಣ್ಣುಮಗಳಿಗೆ ತನ್ನ ಅತಿ ದೊಡ್ಡ ಗೌರವ ಕೊಟ್ಟಿತು. 2014ರಲ್ಲಿ ಈರಮ್ಮ ತೀರಿಕೊಂಡರು. ಅವರು ಹಾಡಿದ್ದರಲ್ಲಿ ಒಂದಿಷ್ಟು ಅಚ್ಚಾಗಿ ಉಳಿದಿದೆ. ಉಳಿದದ್ದು ಅವರ ಜೊತೆ ಹೋಯಿತು. ಯಾರೂ ಬರೆದುಕೊಳ್ಳದೆ ಹೋದ ಈರಮ್ಮಂದಿರು ಎಷ್ಟು ಜನವೋ.

ಈಗ ಒಂದು ಸೂಕ್ಷ್ಮದ ಮಾತು. ಹಂಪಿ ವಿಶ್ವವಿದ್ಯಾಲಯ ಶುರುವಾದ 1991ರಲ್ಲೇ ನಾಯಕ, ಬೇಡ, ಬೇಡರ್, ವಾಲ್ಮೀಕಿ ಅನ್ನುವ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನರಲ್ಲಿ ಶೇ. 19ರಷ್ಟು ಪರಿಶಿಷ್ಟ ಪಂಗಡದವರು, ಇಡೀ ರಾಜ್ಯದಲ್ಲಿ ಇದು ಶೇ. 7ರ ಹತ್ತಿರ. 2008ರ ಚುನಾವಣೆಯಿಂದ ಮಾನ್ವಿ, ದೇವದುರ್ಗ, ಮಸ್ಕಿ, ರಾಯಚೂರು ಗ್ರಾಮೀಣ ಎಲ್ಲ ಪಂಗಡಕ್ಕೆ ಮೀಸಲು ಕ್ಷೇತ್ರಗಳು. ಹಾಗಾಗಿ ನಮ್ಮ ಕಡೆ 'ಬುಡಕಟ್ಟು ಅಧ್ಯಯನ' ಅಂದರೆ ಎಲ್ಲೋ ಕಾಡಿನೊಳಗಿನವರ ವಿಷಯ ಅಲ್ಲ. ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಹುಡುಗಿಯ ಮನೆಯ ವಿಷಯ. ನಾಯಕರು ಕೋಟೆ ಕಟ್ಟಿ ಆಳಿದವರು, ಸೋಲಿಗರು, ಜೇನು ಕುರುಬರು, ಕೊರಗರು ಬೇರೆಯೇ ಬದುಕಿನವರು. ಇವರೆಲ್ಲರನ್ನೂ ಒಂದೇ ಪದದಲ್ಲಿ ತುಂಬಿದರೆ ಓದು ಕೆಡುತ್ತೆ, ಅದು ಎಚ್ಚರ ಇರಬೇಕು. ಆದರೆ ಒಂದು ಮಾತ್ರ ನಿಜ. ಸಿರಾಜ್ ಉಲ್ ಹಸನ್ ಪುಸ್ತಕದಲ್ಲಿ ಬೇಡರ ಅಧ್ಯಾಯ ಇದೆಯಲ್ಲ, ಅದನ್ನು ಈಗ ಲೈಬ್ರರಿಯಲ್ಲಿ ತೆಗೆದು ಓದುವವರಲ್ಲಿ ಬೇಡರ ಮೊಮ್ಮಕ್ಕಳೂ ಇದ್ದಾರೆ. ಪುಸ್ತಕ ಬರೆದಾಗ ಯಾರೂ ಊಹಿಸದ ಓದುಗರು ಇವರು. "ಇದು ತಪ್ಪು, ನಮ್ಮನೆಯಲ್ಲಿ ಹಿಂಗ ಮಾಡಂಗಿಲ್ಲ" ಅಂತ ಪುಟದ ಅಂಚಿನಲ್ಲಿ ಬರೆಯುವ ಹಕ್ಕು ಇವರಿಗಿದೆ.

ಬೇರೆ ದೇಶಗಳಲ್ಲೂ ಮೂಲನಿವಾಸಿಗಳು ಇದೇ ಹಕ್ಕು ಕೇಳಿದರು. ಅಮೆರಿಕದ ನವಾಹೋ ಜನ 1968ರಲ್ಲಿ ತಮ್ಮದೇ ಕಾಲೇಜು ಕಟ್ಟಿಕೊಂಡರು, ಬುಡಕಟ್ಟಿನವರೇ ನಡೆಸುವ ಆ ದೇಶದ ಮೊದಲ ಕಾಲೇಜು. ನಾರ್ವೆಯ ಉತ್ತರದ ತುದಿಯಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರ ಉನ್ನತ ಶಿಕ್ಷಣ ಸಂಸ್ಥೆ 1989ರಲ್ಲಿ ಶುರುವಾಯಿತು, ಪಾಠ ಸಾಮಿ ಭಾಷೆಯಲ್ಲೇ. ನ್ಯೂಜಿಲೆಂಡಿನ ಮಾವೊರಿ ವಿದ್ವಾಂಸೆ ಲಿಂಡಾ ತುಹಿವಾಯಿ ಸ್ಮಿತ್ 1999ರ ತಮ್ಮ ಪುಸ್ತಕದಲ್ಲಿ, ಮೂಲನಿವಾಸಿಗಳ ಕಿವಿಗೆ ಸಂಶೋಧನೆ ಅನ್ನುವ ಮಾತೇ ಎಷ್ಟು ಕೊಳಕಾಗಿ ಕೇಳುತ್ತೆ ಅಂತ ವಿವರಿಸಿದರು. ನಮ್ಮ ದೇಶದಲ್ಲಿ ಗಣೇಶ್ ದೇವಿಯವರು 1990ರ ದಶಕದಲ್ಲಿ ಗುಜರಾತಿನ ತೇಜಗಢದಲ್ಲಿ ಆದಿವಾಸಿ ಅಕಾಡೆಮಿ ಕಟ್ಟಿದರು. 2016ರಲ್ಲಿ ಅವರು ಧಾರವಾಡಕ್ಕೆ ಬಂದು ನೆಲೆಸಿದ್ದು ನಿಮಗೆ ನೆನಪಿರಬಹುದು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಸಿ. ಮಾದೇಗೌಡರು ಸೋಲಿಗರು, ಆ ಸಮುದಾಯದಲ್ಲಿ ಪಿಎಚ್.ಡಿ. ಮಾಡಿದ ಮೊದಲಿಗರು. ಅವರೂ ಊರ ಹಿರಿಯರೂ ಸಂಶೋಧಕರೂ ಸೇರಿ ಕಾಡಿನೊಳಗಿನ ಸೋಲಿಗರ ದೇವರ ತಾಣಗಳನ್ನು, ಕುಲದ ಎಲ್ಲೆಗಳನ್ನು ಒಂದೊಂದಾಗಿ ನಡೆದು ನಕ್ಷೆ ಮಾಡಿದರು. ಇದು ಯಾವ ದೇವರು, ಇದು ಯಾರ ಸಮಾಧಿ, ಈ ಹಳ್ಳದ ಹೆಸರೇನು, ಎಲ್ಲ ಗುರುತಾಯಿತು. 2011ರಲ್ಲಿ, ಆ ಕಾಡು ಹುಲಿ ರಕ್ಷಿತ ಪ್ರದೇಶ ಅಂತ ಘೋಷಣೆ ಆದ ಮೇಲೂ, ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹಕ್ಕು ಸಿಗಲು ಹೋರಾಟ, ಕಾನೂನು, ಸಂಘಟನೆ ಎಲ್ಲ ಬೇಕಾದವು, ನಕ್ಷೆ ಒಂದರಿಂದಲೇ ಆಗಲಿಲ್ಲ. ಆದರೂ 'ನಾವು ಇಲ್ಲಿಯವರು' ಅಂತ ಬಾಯಲ್ಲಿ ಹೇಳೋದಕ್ಕೂ, ನಕ್ಷೆ ಮೇಜಿನ ಮೇಲೆ ಬಿಚ್ಚಿ ತೋರಿಸೋದಕ್ಕೂ ವ್ಯತ್ಯಾಸ ಇದೆಯಲ್ಲ. ಹಾಡು ಕಥೆ ಓದಿ ಏನು ಬಂತು ಅಂತ ಕೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ.

ಇನ್ನು ನಮ್ಮ ಮಾನ್ವಿ ಸೀಮೆಗೆ ವಾಪಸ್ ಬರೋಣ. ಇಲ್ಲಿ ಕಾಡಿಲ್ಲ, ಕಳೆದುಹೋಗುತ್ತಿರೋದು ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆ ಆದವು. ನೀರು ಬಂದದ್ದು ಒಳ್ಳೇದೇ, ಬೇಡ ಅನ್ನೋಕೆ ಆಗುತ್ತಾ? ಆದರೆ ಜೋಳದ ಕಣದ ಜೊತೆ ಹಂತಿ ಹೋಯಿತು. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ರಾತ್ರಿಯಿಡೀ ತೆನೆ ತುಳಿಸುವಾಗ ನಿದ್ದೆ ಬರದಂತೆ ಹಾಡುತ್ತಿದ್ದ ಹಂತಿ ಪದಗಳು ಹೋದವು. ಈಗ ಮಷಿನ್ ಬಂದು ಒಂದು ತಾಸಿಗೆ ಎಲ್ಲ ಮುಗಿಸುತ್ತೆ. ಹಂತಿ ಪದ ಎಂ.ಎ. ಪುಸ್ತಕದಲ್ಲಿ ಇರಬಹುದು, ಆದರೆ ಮೇಟಿ ಅಂದರೇನು, ಕಣ ಮಾಡೋದು ಹೇಗೆ, ಎತ್ತಿನ ಬಾಯಿಗೆ ಯಾಕೆ ಕುಕ್ಕೆ ಕಟ್ಟುತ್ತಾರೆ ಅಂತ ಗೊತ್ತಿಲ್ಲದ ವಿದ್ಯಾರ್ಥಿಗೆ ಆ ಪದದ ಅರ್ಧ ಅರ್ಥ ಆಗೋದಿಲ್ಲ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದಗಳನ್ನು ನೋಡಿ. ಮುಸಲ್ಮಾನರಿಲ್ಲದ ಊರಲ್ಲೂ ದೇವರು ಕೂಡಿಸುವ ಪದ್ಧತಿ ನಮ್ಮ ಕಡೆ ಇದೆ. ಇದನ್ನು ಯಾವ ವಿಭಾಗದಲ್ಲಿ ಓದಬೇಕು, ಉರ್ದುವೋ ಕನ್ನಡವೋ, ಹಿಂದೂವೋ ಮುಸ್ಲಿಮೋ? ಹಳ್ಳಿಯಲ್ಲಿ ಈ ಪ್ರಶ್ನೆಯೇ ಹುಟ್ಟೋದಿಲ್ಲ.

ವಿಶ್ವವಿದ್ಯಾಲಯ ಮಾತ್ರ ಹತ್ತಿರ ಹತ್ತಿರ ಬರುತ್ತಲೇ ಇದೆ. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಅಂತ ಒಂದು ವಿಶ್ವವಿದ್ಯಾಲಯ ಬಂತು. ಸಂವಿಧಾನದ 371(ಜೆ) ತಿದ್ದುಪಡಿ 2013ರಲ್ಲಿ ಜಾರಿಗೆ ಬಂದು ನಮ್ಮ ಭಾಗದ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಮೀಸಲು ಸಿಕ್ಕಿತು. ಗುಲ್ಬರ್ಗಾ ವಿಶ್ವವಿದ್ಯಾಲಯದ ಕೇಂದ್ರವಾಗಿದ್ದ ಯರಗೇರಾ 2021ರಲ್ಲಿ ರಾಯಚೂರಿನ ಸ್ವಂತ ವಿಶ್ವವಿದ್ಯಾಲಯ ಆಯಿತು. ಮಸ್ಕಿಯಲ್ಲಿ 2010ರಿಂದ ಅಮೆರಿಕ, ಕೆನಡಾ, ಭಾರತದ ವಿದ್ವಾಂಸರು ಸೇರಿ ಮತ್ತೆ ಶೋಧ ನಡೆಸಿದ್ದಾರೆ. ಟೇಲರನ ಕಾಲದಲ್ಲಿ ಲಂಡನ್ನಿನಲ್ಲಿದ್ದ ಓದು ಈಗ ಮಾನ್ವಿಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಹತ್ತಿರ ಬಂದದ್ದು ಕಟ್ಟಡ. ಪುಸ್ತಕ? ಪಿಕ್ಲಿಹಾಳದ ವರದಿ ಪಿಕ್ಲಿಹಾಳದ ಶಾಲೆಯಲ್ಲಿ ಸಿಗಬೇಕಲ್ಲವೇ? ಬೂದಿಹಾಳದ ಮಕ್ಕಳಿಗೆ ತಮ್ಮೂರು ಜಗತ್ತಿನ ಪುರಾತತ್ವದ ಪುಸ್ತಕಗಳಲ್ಲಿ ಇದೆ ಅಂತ ಯಾರಾದರೂ ಕನ್ನಡದಲ್ಲಿ ಹೇಳಬೇಕಲ್ಲವೇ? ಹಾಡಿದ ಮುದುಕಿಯ ಹಾಡಿಗೆ ಒಬ್ಬರಿಗೆ ಡಾಕ್ಟರೇಟ್ ಸಿಗುತ್ತೆ, ಪ್ರಬಂಧ ರಟ್ಟು ಹಾಕಿಸಿಕೊಂಡು ಲೈಬ್ರರಿ ಸೇರುತ್ತೆ, ಮುದುಕಿಯ ಮನೆಗೆ ಒಂದು ಪ್ರತಿಯೂ ಹೋಗೋದಿಲ್ಲ ಅಂದರೆ ಫ್ಲೀಟನ ಕಾಲಕ್ಕೂ ನಮ್ಮ ಕಾಲಕ್ಕೂ ಏನು ಫರಕಾಯಿತು? ಇನ್ನು ಈ ವಿಷಯ ಓದಿದವರ ಪಾಡು. ಡಿಗ್ರಿ ಕಾಲೇಜುಗಳಲ್ಲಿ ಜಾನಪದ ಅಂತ ಬೇರೆ ಹುದ್ದೆಗಳು ಬೆರಳೆಣಿಕೆ. ಕೆಲಸ ಇಲ್ಲದ ವಿಷಯಕ್ಕೆ ಮಕ್ಕಳು ಬರೋದಿಲ್ಲ, ಮಕ್ಕಳು ಬರದ ವಿಭಾಗ ಉಳಿಯೋದಿಲ್ಲ. ಕಟ್ಟೆ ಮೇಲಿನವರ ನಗುವಿನಲ್ಲಿ ಈ ಹೊಟ್ಟೆಪಾಡಿನ ಲೆಕ್ಕವೂ ಇದೆ, ಅದನ್ನು ನಾವು ಮರೆಯಬಾರದು.

ನನ್ನ ತಲೆಗೆ ಹೊಳೆದಷ್ಟು ಹೇಳುತ್ತೇನೆ. ಮೊದಲನೇದು, ಪ್ರತಿಯೊಂದು ಹಾಡಿಗೂ ಕಥೆಗೂ ಹಾಡಿದವರ ಹೆಸರು, ಊರು, ಅವರ ಒಪ್ಪಿಗೆ ಇರಬೇಕು. ಎರಡನೇದು, ಕೆಲಸ ಮುಗಿದ ಮೇಲೆ ಒಂದು ಪ್ರತಿ, ಒಂದು ಧ್ವನಿಮುದ್ರಿಕೆ ಆ ಊರಿನ ಶಾಲೆಗೋ ಪಂಚಾಯಿತಿ ಗ್ರಂಥಾಲಯಕ್ಕೋ ತಿರುಗಿ ಹೋಗಬೇಕು. ಮೂರನೇದು, ಎಂ.ಎ.ವರೆಗೆ ಕಾಯದೆ ಡಿಗ್ರಿಯ ಯಾವ ವಿಷಯದ ವಿದ್ಯಾರ್ಥಿಯಾದರೂ ತನ್ನೂರಿನ ಮೇಲೆ ಒಂದು ಸಣ್ಣ ಬರಹ ಬರೆಯುವಂತಾಗಬೇಕು. ಬಿ.ಎಸ್ಸಿ. ಹುಡುಗ ಊರಿನ ಹಳೆಯ ಜೋಳದ ತಳಿಗಳ ಹೆಸರು ಬರೆಯಲಿ, ಬಿ.ಕಾಂ. ಹುಡುಗಿ ಸಂತೆಯ ಹಳೆಯ ಅಳತೆಗಳಾದ ಸೇರು, ಚಿಟ್ಟಿ, ಪಾವುಗಳ ಲೆಕ್ಕ ಬರೆಯಲಿ.

ಉದಾಹರಣೆಗೆ ನಮ್ಮ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ ತಗೊಳ್ಳಿ. ಹಿರೇ ಅಂದರೆ ದೊಡ್ಡದು, ಕಲ್ ಅಂತೂ ಕಲ್ಲೇ. ಮುದಗಲ್, ಮೊಸರಕಲ್, ಕೊಟ್ನೆಕಲ್, ಈ ಸೀಮೆಯಲ್ಲಿ ಕಲ್ಲಿನ ಹೆಸರಿನ ಊರುಗಳು ಎಷ್ಟು ಬೇಕು. ನಡುವಿನ 'ಕೊಟ್ನೆ' ಎಲ್ಲಿಂದ ಬಂತು? ಕೊಟ್ಟಣವೋ, ಕೋಟೆಯೋ, ಯಾರದೋ ಹೆಸರೋ? ಬೂದಿಹಾಳದ ಹೆಸರಿನಲ್ಲಿ ನಾಲ್ಕೈದು ಸಾವಿರ ವರ್ಷದ ದನದ ದೊಡ್ಡಿ ಅಡಗಿ ಕೂತಿತ್ತು ಅಂದ ಮೇಲೆ, ಈ ಕಲ್ಲಿನ ಹೆಸರಿನ ಊರುಗಳಲ್ಲಿ ಏನೇನು ಕೂತಿದೆಯೋ. ಹೊಲಗಳಿಗೆ, ಹಳ್ಳಗಳಿಗೆ, ಗುಂಡುಗಳಿಗೆ ಒಂದೊಂದು ಹೆಸರಿರುತ್ತೆ, ಸರ್ವೆ ನಂಬರಿನಲ್ಲಿ ಅವು ಸಿಗೋದಿಲ್ಲ, ಎಪ್ಪತ್ತು ದಾಟಿದವರ ಬಾಯಲ್ಲಿ ಮಾತ್ರ ಇರುತ್ತವೆ. ಇವನ್ನು ಕೇಳಿ ಬರೆಯಲು ಕೇಂಬ್ರಿಡ್ಜಿನಿಂದ ಯಾರೂ ಬರಬೇಕಿಲ್ಲ. ಒಂದು ನೋಟ್‌ಬುಕ್ ಸಾಕು, ಜೊತೆಗೆ ಅದನ್ನು ಹೇಗೆ ಬರೆಯಬೇಕು ಅಂತ ಕಾಲೇಜಿನಲ್ಲಿ ಕಲಿಸಿದ ಒಬ್ಬ ಮೇಷ್ಟ್ರು.

ನೀವೆಲ್ಲ ಬರೆಯುವವರು, ಒಬ್ಬೊಬ್ಬರದೂ ಒಂದೊಂದು ಊರು. ನಿಮ್ಮೂರಿನ ಹೊಲದ ಹೆಸರು, ಗುಡ್ಡದ ಕಥೆ, ಈಗ ಯಾರೂ ಹಾಡದ ಒಂದು ಪದ ಇದ್ದರೆ ಬರೆದಿಡಿ. ಬರೆಯುವಾಗ ಹೇಳಿದವರ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿ, ಆಮೇಲೆ ನಿಮ್ಮದು.